ಟೋಕನ್ ನಲವತ್ತೇಳು

ಪಿಜ್ಜಾ ಅಂಗಡಿಯ ಕೌಂಟರಿನವನು ಟೋಕನ್ ಕೊಟ್ಟು, ನಂಬರು ಕೂಗುತ್ತೇನೆ, ಬಂದು ತೆಗೆದುಕೊಳ್ಳಿ ಎಂದಾಗ ಅತ್ತೆಯ ಎದೆ ಧಸಕ್ಕೆಂದಿತು. ಊರಿಗೆ ಊರೇ ಹೊಗಳುವ ಜಾಗ, ನಾವಿನ್ನೂ ಕಾಲಿಟ್ಟಿಲ್ಲವಲ್ಲ ಎಂದು ಸೊಸೆಯೇ ಹಟ ಹಿಡಿದು ಕರೆತಂದಿದ್ದಳು. ಬರೀ ತಿನ್ನುವುದಾಗಿದ್ದರೆ ಅತ್ತೆಗೇನೂ ಭಯವಿರಲಿಲ್ಲ. ಆದರೆ ಕೂಗುತ್ತಾನಂತೆ.

ಅವಳಿಗೆ ಕಿವಿ ಕೇಳಿಸದೆ ವರ್ಷದ ಮೇಲಾಗಿತ್ತು. ಮನೆಯಲ್ಲಿ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಆ ಯಂತ್ರಗಳ ಅಬ್ಬರದಲ್ಲಿ ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿಯೇ ಹರಟುತ್ತಿದ್ದರು, ಮೇಸ್ತ್ರಿಯನ್ನು ಅವನ ಎದುರಿಗೇ ಆಡಿಕೊಳ್ಳುತ್ತಿದ್ದರು. ಕಿವಿ ಕಿತ್ತುಕೊಂಡ ಗಿರಣಿ ಆ ವಿದ್ಯೆಯನ್ನಾದರೂ ಕೊಟ್ಟಿತ್ತು. ಅದರಲ್ಲೇ ಇಷ್ಟು ದಿನ ದೂಡಿದ್ದಳು. ಇನ್ನು ಒಂದು ವಾರ ದೂಡಿದರೆ ಸಾಕು. ಸೋಮವಾರ ಸೊಸೆ ಮತ್ತೆ ಕೆಲಸಕ್ಕೆ ಹೊರಡುತ್ತಾಳೆ, ಎಂಟು ತಿಂಗಳ ಪುಟ್ಟಿ ಹಗಲೆಲ್ಲ ಅಜ್ಜಿಯ ಪಾಲಿಗೆ. ಗುಟ್ಟು ರಟ್ಟಾದರೆ ಪುಟ್ಟಿ ಯಾವುದೋ ಬೇಬಿ ಸಿಟ್ಟಿಂಗಿಗೆ. ಗಿರಣಿಯ ಪಾಳಿಯಲ್ಲಿ ಸ್ವಂತ ಮಗನನ್ನೇ ಮನಸಾರೆ ಎತ್ತಾಡಿಸಲು ಆಗಿರಲಿಲ್ಲ. ಈ ಮಗುವಾದರೂ ಕೈಗೆ ದಕ್ಕಲಿ ಎಂದು ಅವಳ ಜೀವ ಹಪಹಪಿಸುತ್ತಿತ್ತು.

"ಅತ್ತೆ, ಕೈ ತೊಳ್ಕೊಂಡು ಬರ್ತೀನಿ. ನಲವತ್ತೇಳು ಅಂದ್ರೆ ನೀವೇ ತಗೊಂಡ್ಬಿಡಿ," ಎಂದು ಸೊಸೆ ಎದ್ದಳು.

"ಅದೇನ್ ಮಹಾ. ಹೋಗ್ಬಾ ನೀನು."

ಪುಟ್ಟಿ ತಳ್ಳುಗಾಡಿಯಲ್ಲಿ ನಿದ್ದೆಹೋಗಿತ್ತು. ಅತ್ತೆ ಕುರ್ಚಿಯನ್ನು ಕೌಂಟರಿನ ಕಡೆಗೆ ತಿರುಗಿಸಿಕೊಂಡು, ಟೋಕನ್ ಮುಷ್ಟಿಯಲ್ಲಿ ಹಿಡಿದು, ಕಣ್ಣು ಕೀಲಿಸಿ ಕುಳಿತಳು. ಕೂಗುವವನ ಮೀಸೆ ಮೇಲ್ತುಟಿಯನ್ನೇ ನುಂಗಿಬಿಟ್ಟಿತ್ತು. ಸಾಲದ್ದಕ್ಕೆ ಆ ಪುಣ್ಯಾತ್ಮ ಅರ್ಧ ನಂಬರು ಜನರಿಗೆ ಹೇಳಿ ಉಳಿದರ್ಧವನ್ನು ಒಲೆಗೆ ಹೇಳುತ್ತಿದ್ದ. ನಲವತ್ನಾಲ್ಕು ಹೋಯಿತು. ನಲವತ್ತೈದು ಇರಬೇಕು. ಮುಂದಿನದು ತಪ್ಪಿಹೋಯಿತೇ? ರೆಪ್ಪೆ ಬಡಿಯಲೂ ಅವಳಿಗೆ ಹೆದರಿಕೆ. 

ಮೀಸೆ ಮತ್ತೆ ಅಲುಗಿತು. ನಲವತ್ತೇಳು. ಅತ್ತೆ ಎದ್ದೇಬಿಟ್ಟಳು, ಜನರನ್ನು ಸರಿಸಿಕೊಂಡು ಹೋಗಿ ಟೋಕನ್ ಮುಂದಿಟ್ಟಳು.

"ಒಂದೇ ಕೂಗಿಗೆ ಬಂದವರು ನೀವೊಬ್ಬರೇ ನೋಡಿ," ಎಂದ ಅವನು. "ಮಿಕ್ಕೋರಿಗೆ ಮೂರ್ಮೂರು ಸಲ ಅರಚ್ಬೇಕು."

ಅತ್ತೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಂಚು ಸೀದು ಉಬ್ಬಿದ್ದ, ಇನ್ನೂ ಗುಳ್ಳೆಯೇಳುತ್ತಿದ್ದ ಪಿಜ್ಜಾವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿದಳು.

ಪುಟ್ಟಿ ಗಾಡಿಯಲ್ಲಿರಲಿಲ್ಲ. ಪಕ್ಕದ ಮೇಜಿನ ಹೆಂಗಸೊಬ್ಬಳು ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಮಗುವಿನ ಮುಖ ಕೆಂಪಾಗಿ, ಬಿಕ್ಕಿ ಬಿಕ್ಕಿ ಮೈ ಅದುರುತ್ತಿತ್ತು. ಸೊಸೆ ಒದ್ದೆ ಕೈಯಲ್ಲೇ ಓಡಿಬಂದು ನಿಂತಿದ್ದಳು. ಆ ಹೆಂಗಸಿನ ತುಟಿಗಳು ಸ್ಪಷ್ಟವಾಗಿದ್ದವು. ಇಷ್ಟು ಸ್ಪಷ್ಟವಾಗಿ ಇರಬಾರದಿತ್ತು ಎನಿಸಿತು ಅತ್ತೆಗೆ.

"ನೀವು ಆ ಕಡೆ ಹೋಗ್ತಿದ್ದ ಹಾಗೇ ಎದ್ದು ಅಳೋಕೆ ಶುರುಮಾಡ್ತು. ಇವರು ಇಲ್ಲೇ ಕೂತಿದ್ರು. ತಿರುಗಿ ಕೂಡ ನೋಡ್ಲಿಲ್ಲ."

ಸೊಸೆ ರೇಗಲಿಲ್ಲ. ಪುಟ್ಟಿಯನ್ನು ಎದೆಗೊತ್ತಿಕೊಂಡು, ಆ ಹೆಂಗಸಿನ ತುಟಿಯ ಮೇಲೇ ನೆಟ್ಟಿದ್ದ ಅತ್ತೆಯ ಕಣ್ಣುಗಳನ್ನು ಗಮನಿಸಿದಳು. ಅವಳ ಕೈಯಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಬೆಳಕು ತನ್ನ ಮುಖಕ್ಕೆ ಬೀಳುವಂತೆ ಎದುರಿಗೆ ಬಂದು ಕುಳಿತು, ಬಾಯಿ ಅಗಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು:

"ಅತ್ತೆ... ತಿನ್ನಿ... ಆರಿಹೋಗುತ್ತೆ."