ಸಂದಿಯ ಕಲ್ಲು

ಜಟ್ಟಿಂಗಪ್ಪ ಅಂಗಿ ಕಳಚಿ ಹೆಂಡತಿ ಹಾಲಮ್ಮನ ಕೈಗೆ ಕೊಟ್ಟ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಎಡಗೈ ಮುಂದೆ ಮಾಡಿ, ಅಡ್ಡಡ್ಡವಾಗಿ ಸಂದಿಯೊಳಗೆ ತೂರಿದ. ಹಗ್ಗದ ಇನ್ನೊಂದು ತುದಿ ಹಾಲಮ್ಮನ ಮುಷ್ಟಿಯಲ್ಲಿತ್ತು. ಅವಳ ಕಾಲಬುಡದಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ, ತುದಿಗೆ ಹಳೇ ಬಟ್ಟೆ ಸುತ್ತಿದ ಬಿದಿರು ಗಳ.

ಸಾಗರದ ಪೇಟೆಯಲ್ಲಿ ಮಂಜುನಾಥಪ್ಪನ ಖಾನಾವಳಿಗೂ ಪಕ್ಕದ ಅಕ್ಕಿ ಗೋದಾಮಿಗೂ ನಡುವಿನ ಆ ಸಂದಿ ಗೇಣಿನ ಮೇಲೆ ಎರಡು ಬೆರಳು, ಅಷ್ಟೇ. ಒಳಗೆ ನಾಲ್ಕು ಮಾರು ದೂರದಲ್ಲಿ ಖಾನಾವಳಿಯ ಮುಸುರೆ ನೀರು ಇಳಿಯುವ ಮಣ್ಣಿನ ಕೊಳವೆ. ವರ್ಷಕ್ಕೊಮ್ಮೆ ಅದರ ಜೋಡು ಬಿಟ್ಟು ಗೋದಾಮಿನ ಗೋಡೆಯೆಲ್ಲ ನಾರುತ್ತಿತ್ತು. ಊರಿಗೆಲ್ಲ ಆ ಸಂದಿಯಲ್ಲಿ ಹಿಡಿಸುವ ಮೇಸ್ತ್ರಿ ಜಟ್ಟಿಂಗಪ್ಪ ಒಬ್ಬನೇ. ಹಳ್ಳಿ ಮುಳುಗಡೆಯಾಗಿ ಇಲ್ಲಿಗೆ ಬಂದ ಮೇಲೆ ಅವನು ಅದರೊಳಗೆ ಇಳಿಯುತ್ತಿರುವುದು ಇದು ಮೂರನೆಯ ಸಲ.

ಅರ್ಧ ದಾರಿಯಲ್ಲಿ ಗೋದಾಮಿನ ಗೋಡೆಯಿಂದ ಒಂದು ಜಂಬಿಟ್ಟಿಗೆ ಕಲ್ಲು ಎದೆಮಟ್ಟಕ್ಕೆ ಹೊರಚಾಚಿತ್ತು. ಅಲ್ಲಿಗೆ ಮುಟ್ಟಿದೊಡನೆ ಅವನು "ಕಲ್ಲು!" ಎಂದು ಕೂಗಿ, ಉಸಿರೆಲ್ಲ ಹೊರಹಾಕಿ, ಎದೆ ಕುಗ್ಗಿಸಿಕೊಂಡು ದಾಟುವುದು ರೂಢಿ. ಹೋದ ವರ್ಷ ಹಿಂದಿರುಗುವಾಗ ಅಲ್ಲೇ ಸಿಕ್ಕಿಬಿದ್ದ. ಗಳದ ತುದಿಯಿಂದ ಎಣ್ಣೆ ಸವರಿ, ನಾಲ್ಕು ಜನ ಹಗ್ಗ ಜಗ್ಗಿ ಹೊರತಂದಾಗ ಎದೆಯ ಚರ್ಮ ಸುಲಿದು ಹೋಗಿತ್ತು. ಅಂದಿನಿಂದ ಆ ಸಂದಿಯೆಂದರೆ ಹಾಲಮ್ಮನಿಗೆ ಯಮನ ಮನೆಯ ಬಾಗಿಲು.

"ಹೆದ್ರಬ್ಯಾಡ ಮಾರಾಯ್ತಿ, ನಿನ್ನ ಗಂಡ ಕಡ್ಡಿ ಪೈಲ್ವಾನ್," ಎಂದು ಮಂಜುನಾಥಪ್ಪ ಎಲೆಯಡಿಕೆ ಜಗಿಯುತ್ತ ನಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹಾಲಮ್ಮ ಮುಷ್ಟಿ ಸಡಿಲಿಸಿದಳು. ಹಗ್ಗ ಮೊಳಮೊಳವಾಗಿ ಒಳಗೆ ಸರಿಯಿತು. ಇನ್ನೇನು ಕೂಗುತ್ತಾನೆಂದು ಅವಳೂ ಉಸಿರು ಬಿಗಿಹಿಡಿದಳು. ಕೂಗು ಬರಲಿಲ್ಲ. ಕೆಮ್ಮು ಬಂತು. ದೀಪಾವಳಿಯಿಂದ ಹಿಡಿದ ಕೆಮ್ಮು ಅದು, ಸಿಮೆಂಟಿನ ಧೂಳೆಂದು ಅವನು ತಳ್ಳಿಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಕೆಮ್ಮೂ ನಿಂತಿತು, ಹಗ್ಗವೂ ನಿಂತಿತು.

"ಹೋಯ್! ಕಲ್ಲು ಬಂತಾ?"

ಸದ್ದಿಲ್ಲ. ಹಾಲಮ್ಮನ ಜೀವ ಬಾಯಿಗೆ ಬಂತು. ತಾಯಿ ಮಾರಿಕಾಂಬೆಗೆ ಹರಕೆ ಹೊತ್ತಳು. "ಹೋಯ್, ಮಾತಾಡ್ರಿ! ಎಳೀಲಾ?"

"ಏ, ಎಳೀಬ್ಯಾಡ! ಕೊಳವೆ ಹತ್ರ ಇದೀನಿ. ಜೋಡಿಗೆ ತುರುಕೋ ಸೆಣಬು ಬಾಯಲ್ಲಿ ಕಚ್ಕಂಡಿದ್ದೆ."

ಅರ್ಧ ಗಂಟೆಗೆ ಕೆಲಸ ಮುಗಿಸಿ ಅವನು ತಾನಾಗಿಯೇ ಹೊರಗೆ ಬಂದ. ಎದೆಯ ಮೇಲೆ ಒಂದು ಗೀರೂ ಇಲ್ಲ. ಹಾಲಮ್ಮನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ನೋಡಿದ್ಯಾ, ಬಾಟ್ಲಿ ಬಿರಡೆ ಸಹ ತೆಗೀಲಿಲ್ಲ!" ಎಂದ ಮಂಜುನಾಥಪ್ಪ. "ಇನ್ಮೇಲೆ ಹೆದ್ರಿಕೆ ಇಲ್ಲ ಬಿಡು. ಇಬ್ರೂ ಉಂಡ್ಕಂಡೇ ಹೋಗಿ."

"ಕಲ್ಲು ಬಂದಾಗ ಯಾಕ್ ಕೂಗ್ಲಿಲ್ಲ? ನನ್ ಜೀವ ತೆಗೀಬೇಕು ಅಂತಿದೀರಾ?" ಎಂದು ಹಾಲಮ್ಮ ಗಂಡನಿಗೆ ಅಂಗಿ ಕೊಟ್ಟಳು.

"ಕಲ್ಲು ಎಲ್ಲಿದೆ? ಹೋಗುವಾಗ್ಲೂ ತಾಗ್ಲಿಲ್ಲ, ಬರುವಾಗ್ಲೂ ತಾಗ್ಲಿಲ್ಲ. ಗೋದಾಮಿನವ್ರು ಕೆತ್ತಿ ತೆಗ್ಸಿರ್ಬೇಕು."

"ನಿಮ್ಮನ್ ಬಿಟ್ರೆ ಅದ್ರೊಳಗೆ ಹೋಗಿ ಕೆತ್ತೋರು ಯಾರು?"

ಹಾಲಮ್ಮ ಗಳವನ್ನು ಎತ್ತಿ, ಬಟ್ಟೆ ಸುತ್ತದ ತುದಿಯನ್ನು ಗೋದಾಮಿನ ಗೋಡೆಗುಂಟ ಎದೆಮಟ್ಟದಲ್ಲಿ ಒಳಗೆ ಸರಿಸಿದಳು. ಎರಡು ಮಾರು ಹೋದದ್ದೇ, ಟಕ್. ಹಿಂದೆಳೆದು ಮತ್ತೆ ನೂಕಿದಳು. ಟಕ್.

ಕಲ್ಲು ಇದ್ದಲ್ಲೇ ಇತ್ತು. ಹೋದ ವಾರ ಅವನ ಉಡಿದಾರ ಜಾರುತ್ತದೆಂದು ಇನ್ನೊಂದು ಗಂಟು ಬಿಗಿದುಕೊಟ್ಟವಳು ಅವಳೇ. ದಿನಾ ನೋಡುವ ಕಣ್ಣಿಗೆ ಮೈ ಸವೆದದ್ದು ಕಾಣುವುದಿಲ್ಲ. ಈಗ ತಿರುಗಿ ನೋಡಿದರೆ, ಗುಂಡಿ ಹಾಕದ ಅಂಗಿಯ ನಡುವೆ ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಸಂದಿಯ ಬಾಯಲ್ಲಿ ಹಗ್ಗ ಹಿಡಿದು ನಿಂತಾಗಲೂ ಆಗದಷ್ಟು ಭಯ ಅವಳಿಗೆ ಈಗಾಯಿತು. ಸದ್ದನ್ನು ಜಟ್ಟಿಂಗಪ್ಪನೂ ಕೇಳಿದ್ದ. ಗುಂಡಿಗೆ ಹೋದ ಅವನ ಕೈ ಅಲ್ಲೇ ನಿಂತಿತ್ತು.

"ಅದ್ರೊಳಗೆ ಇನ್ನೇನು ಹುಡುಕ್ತೀಯೇ? ಕೆಲ್ಸ ಮುಗೀತಲ್ಲ, ಎಲೆ ಹಾಕಿದೆ, ಬನ್ನಿ," ಎಂದು ಮಂಜುನಾಥಪ್ಪ ಕರೆದ.

ಹಾಲಮ್ಮ ಗಳವನ್ನು ಗೋಡೆಗೆ ಒರಗಿಸಿದಳು.

"ಊಟ ಆಮೇಲೆ ಧಣೀ," ಎಂದಳು. "ದೊಡ್ಡಾಸ್ಪತ್ರೇಲಿ ಎದೆ ನೋಡೋ ಡಾಕ್ಟ್ರು ಎಷ್ಟೊತ್ತಿನ ತನ್ಕ ಇರ್ತಾರೆ?"