ಒಂದು ಹೊರೆ ಸೌದೆ

ಹೆಣ್ಣು ಕೇಳಲು ಬಂದಿದ್ದ ಶಿವಮಲ್ಲುವಿಗೆ ನಿಂಗಾಜಮ್ಮಜ್ಜಿ ಒಂದೇ ಷರತ್ತು ಹಾಕಿದ್ದಳು. ಬಿದ್ದ ಮರದ ಸೌದೆಯನ್ನು ತಾನೇ ಆಯ್ದು, ತಾನೇ ಒಣಗಿಸಿ, ಒಂದು ಹೊರೆ ತರಬೇಕು. ಮೊಮ್ಮಗಳ ಮಾತು ಆಮೇಲೆ.

ವರ್ಷ ಕಳೆದು, ಪೇಟೆಯಲ್ಲೇ ಬೆಳೆದ ಅವನು ಜಗಲಿಯ ಮುಂದೆ ಹೊರೆ ಇಳಿಸಿದ.

ಅಜ್ಜಿ ಒಂದು ಕೊರಡನ್ನು ಎತ್ತಿ ಹಿಡಿದಳು. "ಇದ್ಯಾವ ಮರ?"

"ಜಾಲಿ ಅಜ್ಜಿ. ಒಳಗೆ ಕೆಂಪಗಿದೆ ನೋಡಿ."

"ಇದು?"

"ಹುಣಸೆ. ಸೀಳೋಕೆ ಹೋದ್ರೆ ಕೈಯೆಲ್ಲ ಬೊಬ್ಬೆ."

"ಪರವಾಗಿಲ್ವೇ. ಗ್ಯಾಸ್ ಒಲೆ ಮನೆ ಹೈದ ಇಷ್ಟು ಕಲ್ತವ್ನೆ."

ಅಜ್ಜಿ ಎರಡನ್ನೂ ಒಂದಕ್ಕೊಂದು ಬಡಿದಳು. ಚೆನ್ನಾಗಿ ಒಣಗಿದ ಸೌದೆ ಟಣ್ ಎಂದಿತು. ಶಿವಮಲ್ಲುವಿನ ಉಸಿರು ಹಗುರಾಯಿತು. ಆಮೇಲೆ ಹೊರೆಯ ತಳದಲ್ಲಿದ್ದ ಹೊಂಗೆಯನ್ನು ಬಡಿದರೆ ದಬ್ ಎಂದಿತು. ಅಜ್ಜಿ ಅದನ್ನು ಮೂಸಿ, ತೊಡೆಯ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನೂ ನೀನೇ ಒಣಗಿಸ್ದ್ಯಾ ಮಗ?"

"ಹೂಂ ಅಜ್ಜಿ. ನಮ್ಮ ತಾರಸಿ ಮೇಲೆ, ವರ್ಷ ಪೂರ್ತಿ."

ಅಜ್ಜಿ ತಿರುಗಿ, ಬಾಗಿಲ ಮರೆಯಲ್ಲಿದ್ದ ಮೊಮ್ಮಗಳನ್ನು ಕೂಗಿದಳು.

"ಅಮ್ಮಣ್ಣಿ, ಈ ಹೊಂಗೆ ನಾನು ಹೋದ ತಿಂಗ್ಳು ಕೆರೆ ಏರಿಯಿಂದ ಹೊತ್ಕೊಂಡು ಬಂದಿದ್ದು ಕಣವ್ವ. ನಿನ್ನ ಗಂಡಂಗೆ ಕದ್ದು ಕೊಡೋಳು ಒಣಗಿರೋದ ಕೊಡಬಾರ್ದಾ?"