ಕೊನೆಯ ಕಂತಿನ ಮಾತು

“ನೀನಿಲ್ಲದೆ ನನಗೆ ಬೆಳಗೇ ಆಗುವುದಿಲ್ಲ” ಎಂದ ಗಂಡನ ಬಾಯಿಗೆ ಲೇಖಕಿ ನೀರಿನ ಲೋಟ ಹಿಡಿದಳು. ಅವನು ಗಟಗಟ ಕುಡಿದು ಮುಖ ಆಚೆ ತಿರುಗಿಸಿದ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಅಂದೇ ಮೊದಲ ಸಲ ಬಂದಿದ್ದ ನರ್ಸ್ ಹುಡುಗಿ ನಾಚಿ ನೀರಾದಳು. “ಅಂಕಲ್‌ಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಆಂಟಿ. ಪುಣ್ಯ ಮಾಡಿದ್ರಿ ನೀವು” ಅಂದಳು.

ಲೇಖಕಿ ಲೋಟ ಕೆಳಗಿಟ್ಟಳು. ಗಂಡ ಆಡಿದ ಆ ಮಾತು ಅವಳದೇ. ಎಂದೋ ವಾರಪತ್ರಿಕೆಯ ಒಂದು ಧಾರಾವಾಹಿಯ ನಾಯಕನಿಗೆ ಬರೆದದ್ದು. ಪ್ರೇಮಿಯ ಮಾತು ಗಂಡಸಿನ ಬಾಯಲ್ಲಿ ಹೇಗೆ ಕೇಳುತ್ತದೆಂದು ನೋಡಲು ಅವಳು ವಾರವಾರವೂ ಗಂಡನಿಂದ ಓದಿಸುತ್ತಿದ್ದಳು. ಅವನು ಲಿಫ್ಟ್ ರಿಪೇರಿಯವನು. ಬೆರಳಿನ ಗ್ರೀಸ್ ಒರೆಸಿಕೊಳ್ಳುತ್ತ, ಕರೆಂಟ್ ಬಿಲ್ ಓದುವ ಹಾಗೆ ಓದುತ್ತಿದ್ದ. ಈ ಮಾತೊಂದು ಸರಿಬರಲಿಲ್ಲವೆಂದು ಅವಳು ವಾರವಿಡೀ ಹೇಳಿಸಿದಾಗಲೂ ರೇಗಲಿಲ್ಲ. “ನಿನ್ನ ಹೀರೋಗೆ ಬೇರೆ ಕೆಲ್ಸ ಇಲ್ವೇನೇ” ಎಂದಿದ್ದ, ಅಷ್ಟೇ.

ಪಾರ್ಶ್ವವಾಯು ಬಡಿದಾಗ ಅವನ ಸ್ವಂತ ಮಾತೆಲ್ಲ ಹೋಯಿತು, ಬಾಯಿಪಾಠವಾಗಿದ್ದ ಇದೊಂದು ಉಳಿಯಿತು. ಹಾಗಾಗುವುದುಂಟು ಎಂದರು ಡಾಕ್ಟರು. ಈಗ ಬಾಯಾರಿದರೂ ಇದೇ, ಬೆನ್ನು ತುರಿಸಿದರೂ ಇದೇ, ಫ್ಯಾನ್ ನಿಲ್ಲಿಸಬೇಕಾದರೂ ಇದೇ.

ತಾನಾಗಿ ಒಂದು ಸಿಹಿ ಮಾತು ಆಡಿದವನಲ್ಲ ಮಹಾರಾಯ. ಸಂಜೆ ಬಾಗಿಲಲ್ಲಿ ಬೂಟು ಕಳಚುತ್ತ “ಸ್ವಲ್ಪ ನೀರು ಕೊಡೇ” ಅಂದರೆ ಮುಗಿಯಿತು ಅವನ ಸರಸ. ಆ ಕೊರಗನ್ನೆಲ್ಲ ಅವಳು ಕಾದಂಬರಿಗಳಿಗೆ ಸುರಿದಳು. ತನಗೆ ಸಿಗದ್ದನ್ನು ಇನ್ನೊಬ್ಬ ಹೆಂಗಸಿಗೆ ಕೊಡಿಸುವುದೇ ಪ್ರೇಮಕಥೆ ಎಂದು ನಂಬಿದ್ದಳು.

ನರ್ಸ್ ಹೋದ ಮೇಲೆ ಸಂಪಾದಕರ ಫೋನು ಬಂತು. ಈಗಿನ ಧಾರಾವಾಹಿಯ ಕೊನೆಯ ಕಂತು ಇವತ್ತೇ ಬೇಕಂತೆ. “ಹೀರೋ ಈಗಲಾದ್ರೂ ಬಾಯಿ ಬಿಡ್ಬೇಕು ಮೇಡಂ, ಓದುಗರು ಕಾದು ಕೂತಿದಾರೆ” ಎಂದರು.

ಅವಳು ಬರೆಯಲು ಕೂತಳು. ಒಂದೊಂದು ಪ್ರೇಮದ ಮಾತು ಬರೆದಾಗಲೂ ಅದು ಪಕ್ಕದ ಕೋಣೆಯ ತೊದಲು ದನಿಯಲ್ಲೇ ಕೇಳಿಸಿತು. ಬರೆದಳು, ಹೊಡೆದು ಹಾಕಿದಳು. ಇಷ್ಟು ವರ್ಷ ಹಂಬಲಿಸಿದ ಮಾತು ಈಗ ದಿನವಿಡೀ ಕಿವಿಗೆ ಬೀಳುತ್ತಿದೆ, ಬೇಕಾಗಿರುವುದು ಇದಲ್ಲ ಎನಿಸಿ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕೊನೆಯ ಸಾಲು ಬರೆದಳು: ದೂರವಾಗಿದ್ದ ನಾಯಕ ಮರಳಿ ಬಂದು, ಬಾಗಿಲಲ್ಲಿ ಬೂಟು ಕಳಚುತ್ತ, “ಸ್ವಲ್ಪ ನೀರು ಕೊಡೇ” ಅಂದ.

ಹಳೆಯ ಅಭ್ಯಾಸ; ಹಾಳೆ ಹಿಡಿದು ಮಂಚದ ಬಳಿ ಹೋದಳು.

“ರೀ, ಇದೊಂದು ಹೇಳಿ.”

ಅವನು ಹಾಳೆಯನ್ನೇ ಬಹಳ ಹೊತ್ತು ನೋಡಿದ. ತುಟಿ ಅದುರಿತು, ಕತ್ತಿನ ನರ ಉಬ್ಬಿತು.

“ನೀನಿಲ್ಲದೆ ನನಗೆ ಬೆಳಗೇ ಆಗುವುದಿಲ್ಲ.”

ಲೇಖಕಿ ನೀರು ತರಲು ಹೋದಳು.